ಕಾಕುವಿನ ಕೈ ನಡುಗುತ್ತಿರಲಿಲ್ಲ

ಹೋದ ತಿಂಗಳು ಒಬ್ಬ ಹೊಸ ಡೈರೆಕ್ಟರ್ ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ತಾಟು ತಂದಿಟ್ಟ. ಊಟದ ತಾಟು. ಅದರ ಮೇಲೆ ತನ್ನ ಸಿನಿಮಾದ ಹೆಸರನ್ನು ಮೊಳೆಯಿಂದ ಗೀಚಿದ ಹಾಗೆ ಕಾಣುವಂತೆ ಕೊರೆಸಿದ್ದ. ಮರಾಠಿ ಅಕ್ಷರಗಳ ತಲೆಯ ಮೇಲೆ ಎಳೆಯುವ ಗೆರೆ, ಶಿರೋರೇಖೆ, ಅಲ್ಲಲ್ಲಿ ಮುರಿದಿತ್ತು. ಅಕ್ಷರಗಳು ಚಳಿಜ್ವರ ಬಂದವರಂತೆ ನಡುಗುತ್ತಿದ್ದವು. ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯ ಯಾವುದೋ ವರ್ಕ್‌ಶಾಪಿನಿಂದ ನೆಟ್ಟಗೆ ನನ್ನಲ್ಲಿಗೆ ಬಂದಿದ್ದನಂತೆ. ಕೊರೆದ ಸ್ಟೀಲಿನ ಆ ಒಗರು ವಾಸನೆ ಇನ್ನೂ ಆರಿರಲಿಲ್ಲ...

ಸಾಂಗ್ಲಿಯಲ್ಲಿ ಕೂತು ಸಿನಿಮಾಗಳಿಗೆ ಟೈಟಲ್ ಮಾಡಿಕೊಡುವುದು ನನ್ನ ಕೆಲಸ. ಇವನದು ಮರಾಠಿ ಚಿತ್ರ, ಕಿವಿಯಲ್ಲಿ ಯಾರದೋ ದನಿ ಕೇಳುವ ಒಬ್ಬ ಹೆಂಗಸಿನ ಕತೆ. ಮನಸ್ಸಿನ ಒಳಗನ್ನು ತೋರಿಸುವ ಚಿತ್ರ, ಶುರುವಿನ ಹೆಸರುಗಳಲ್ಲೇ ಅದು ಗೊತ್ತಾಗಬೇಕು ಎಂದು ಹೇಳಿ ಹೋಗಿದ್ದ. ನಾನು ನಾಲ್ಕೈದು ಫಾಂಟ್ ಆರಿಸಿಟ್ಟಿದ್ದೆ. ಎಲ್ಲವೂ ತೆಳ್ಳಗೆ, ನೆಟ್ಟಗೆ ಇದ್ದವು. ಅಕ್ಷರಗಳ ನಡುವೆ ಮಾತ್ರ ಸ್ವಲ್ಪ ಹೆಚ್ಚು ಜಾಗ ಬಿಟ್ಟಿದ್ದೆ. ಅವನು ಒಂದು ಸಲ ಕಣ್ಣಾಡಿಸಿ ತಲೆ ಅಲ್ಲಾಡಿಸಿದ.

"ಇವು ಭಾಳ ಶಾಣ್ಯಾ ಅಕ್ಷರ ಆದೂವ್ರಿ ಅಕ್ಕಾ. ಹುಚ್ಚ ಕಾಣಬೇಕು. ಹುಚ್ಚರು ಹಿಂಗ ಬರೀತಾರಲ್ರಿ," ಎಂದು ತಾಟು ತೋರಿಸಿದ. ಮಿರಜದವನೇ, ಮನೆಯಲ್ಲಿ ಕನ್ನಡ ಮಾತಾಡುವವರ ಮಗ.

"ನೀ ನೋಡೀಯೇನಪಾ, ಅವರು ಬರಿಯೋದನ್ನ?"

"ನೋಡೋದೇನೈತ್ರಿ ಅದರಾಗ? ಎಲ್ಲಾರಿಗೂ ಗೊತ್ತಿದ್ದದ್ದ ಐತಿ."

ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರಿಗೂ ಗೊತ್ತಿತ್ತು, ಆಗಲೂ. ನಮ್ಮ ಗಲ್ಲಿಗೆ ಗಲ್ಲಿಯೇ ಎಲ್ಲ ಗೊತ್ತಿದ್ದವರಿಂದ ತುಂಬಿತ್ತು.

ಮಿರಜದ ಪೇಟೆಯ ಹಿಂದೆ ನಮ್ಮ ಮನೆಗೂ ಕಾಕುವಿನ ಮನೆಗೂ ಒಂದೇ ಗೋಡೆ. ಸಂಬಂಧಿಕಳಲ್ಲ, ಚಿಕ್ಕಮ್ಮ ಅನ್ನುವ ಹಾಗೆ ಗಲ್ಲಿಯ ಮಕ್ಕಳಿಗೆಲ್ಲ ಕಾಕು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡಿದ್ದ. ಗಂಡನ ಮನೆಯವರದು ಪಾತ್ರೆ-ಭಾಂಡಿ ಅಂಗಡಿ, ನಡೆಸುತ್ತಿದ್ದವನು ಅವಳ ಭಾವ, ಗಂಡನ ಅಣ್ಣ. ಅಂಗಡಿಯ ಒಳಭಾಗದಲ್ಲಿ ಒಂದು ಮಣೆ ಹಾಕಿಕೊಂಡು ಕಾಕು ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದಳು. ಪೆನ್ನಿನ ಹಾಗೆ ಹಿಡಿಯುವ ಸಣ್ಣ ಕರೆಂಟಿನ ಮಷಿನ್ನು, ದುಂಬಿಯಂತೆ ಗುಂಯ್ಗುಡುತ್ತಿತ್ತು. ಮದುವೆ ಹೆಣ್ಣಿನ ಹೆಸರು, ತವರಿನವರ ಹೆಸರು, ದೇವರಿಗೆ ಕೊಡುವ ಕೊಡದ ಮೇಲೆ ಹಿರಿಯರ ಹೆಸರು... ಗಿರಾಕಿಗಳಿಗೆ ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮರಾಠಿದಾಗ ಬರೀಲೋ, ಕನ್ನಡದಾಗ ಬರೀಲ್ರಿ?" ತಂಬಿಗೆಯ ಗುಂಡನೆಯ ಹೊಟ್ಟೆಯ ಮೇಲೂ ಅವಳ ಸಾಲು ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ.

ನಾನು ಕಾಲೇಜು ಸೇರಿದ ವರ್ಷ ಕಾಕುವಿಗೆ ದನಿ ಕೇಳತೊಡಗಿತು. ಅವಳು ಮುಚ್ಚಿಡಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ, ಮೊಣಕಾಲು ನೋಯುತ್ತಿದೆ ಅನ್ನುವಷ್ಟೇ ಸರಳವಾಗಿ ಅವ್ವನಿಗೆ ಹೇಳಿದಳು.

"ಯಾರೋ ಒಬ್ಬಾಕಿ ಇಡೀ ದಿನ ನನಗ ಬೈತಾಳ್ರಿ ವೈನಿ. ಮಷಿನ್ ಚಾಲೂ ಮಾಡಿದ್ರ ಅಷ್ಟ ಸುಮ್ನಾಗ್ತಾಳ."

ಹಾಗಾಗಿ ಕಾಕು ಮಷಿನ್ನು ಕೆಳಗಿಡುತ್ತಲೇ ಇರಲಿಲ್ಲ. ಆ ಬೇಸಿಗೆಯಲ್ಲಿ ಭಾವನ ಮಗಳಿಗೆ ಮ್ಹೈಸಾಳದ ಕಡೆ ಸಂಬಂಧ ಗೊತ್ತಾಗಿತ್ತು. ಹುಡುಗಿಗೆ ಕೊಡುವ ಅಷ್ಟೂ ಪಾತ್ರೆಗಳ ಮೇಲೆ, ಹಂಡೆಯಿಂದ ಹಿಡಿದು ಚಮಚದವರೆಗೆ, ಕಾಕುವೇ ಹೆಸರು ಬರೆದಳು. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಅವಳು. ಮಷಿನ್ನು ನಿಲ್ಲಿಸಿದರೆ ಸಾಕು ಕಿವಿಯಲ್ಲಿ ಬೈಗುಳ ಕೇಳುತ್ತಿದ್ದ ಹೆಂಗಸು ಒಂದು ಅಕ್ಷರ ತಪ್ಪದೆ ಬರೆದು ಮುಗಿಸಿದಳು. ಕೈ ನಡುಗಿದ್ದನ್ನು ನಾನು ಕಂಡಿಲ್ಲ.

ಬೀಗರು ಪಾತ್ರೆ ನೋಡಲು ಅಂಗಡಿಗೆ ಬರುವ ದಿನ ಹತ್ತಿರವಾಯಿತು. ಮನೆಯಲ್ಲಿ ಹುಚ್ಚಿಯಿದ್ದಾಳೆಂದು ತಿಳಿದರೆ ಸಂಬಂಧ ಮುರಿದೀತು ಎಂದು ಭಾವನಿಗೆ ಹೆದರಿಕೆ. ಮಷಿನ್ನು ಕಸಿದುಕೊಂಡು ಅವಳನ್ನು ಮೇಲಿನ ಖೋಲಿಗೆ ಹಾಕಿ ಚಿಲಕ ಜಡಿದ. ಮಷಿನ್ನಿಲ್ಲದ ಮೇಲೆ ಬೈಯುವವಳು ಸುಮ್ಮನಾದಾಳೆಯೇ? ಕಾಕು ಅವಳಿಗೆ ತಿರುಗಿ ಬೈಯತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಗಲ್ಲಿಗೆಲ್ಲ ಕೇಳುವಂತೆ. "ನೋಡ್ರಿ, ಹೇಳಿದ್ನಿಲ್ಲ?" ಎಂದು ಭಾವ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ.

ಒಂದು ಮಧ್ಯಾಹ್ನ ಜೀಪು ಬಂತು. ಗಡಿಯಾಚೆ ಯಾರದೋ ತೋಟದಲ್ಲಿ ದೆವ್ವ ಬಿಡಿಸುವವನೊಬ್ಬ ಇದ್ದಾನಂತೆ, ಅಲ್ಲಿಗೆ ಒಯ್ಯಲು. ಅವ್ವ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಜೀಪಿನ ಮುಂದೆ ನಿಂತಳು.

"ಎಲ್ಲಿ ಒಯ್ಯಾಕತ್ತೀರಿ ಆಕೀನ್ನ? ಎಲ್ಲೆಲ್ಲಿಂದೋ ಮಂದಿ ಮಿರಜಿಗೆ ಬರ್ತಾರ ದವಾಖಾನಿಗಿ. ನೀವು ಇಲ್ಲಿಂದ ಹೊರಗ ಒಯ್ಯಾಕತ್ತೀರಿ?"

"ಇದು ನಮ್ಮ ಮನೀ ಮಾತ ಐತಿ. ನೀವು ನಡಬರಕ ಬರಬ್ಯಾಡ್ರಿ," ಎಂದ ಭಾವ.

ಗಲ್ಲಿಯ ಗಂಡಸರು ಬಂದು ಬದಿಗೆ ಸರಿಸಿದ್ದು ಜೀಪನ್ನಲ್ಲ, ನಮ್ಮ ಅವ್ವನನ್ನು. ಅವರ ಮುಖಗಳು ಇಂದಿಗೂ ನನ್ನ ಕಣ್ಣ ಮುಂದಿವೆ. ಅವರಲ್ಲಿ ಕೆಲವರು ಈಗಲೂ ಪೇಟೆಯಲ್ಲಿ ಸಿಕ್ಕರೆ ನಗುತ್ತಾರೆ. ನಾನು ನಗುವುದಿಲ್ಲ.

ಮದುವೆ ಜೋರಾಗಿ ಆಯಿತು. ಮಂಟಪದ ಪಕ್ಕ ಪಾತ್ರೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಬೀಗರ ಕಡೆಯ ಹೆಂಗಸರು ಎತ್ತೆತ್ತಿ ನೋಡಿ, ಅಕ್ಷರ ಎಷ್ಟು ಚೆಂದ ಅಂದರು. ಬರೆದವರು ಯಾರೆಂದು ಯಾರೂ ಹೇಳಲಿಲ್ಲ.

ಚಳಿಗಾಲದಲ್ಲಿ ಕಾಕುವನ್ನು ತಂದು ಬಿಟ್ಟರು. ಗುರುತು ಸಿಗದಷ್ಟು ಸೊರಗಿದ್ದಳು. ಕಾಲಲ್ಲಿ ಸರಪಳಿಯ ಕಲೆ. ಬಲಗೈ ಮಣಿಕಟ್ಟು ಮುರಿದು, ಯಾರೂ ಕಟ್ಟದೆ, ಡೊಂಕಾಗಿ ಕೂಡಿಕೊಂಡಿತ್ತು. ದೆವ್ವವನ್ನು ಕೋಲಿನಿಂದ ಬಿಡಿಸಿದ್ದರು... ಅವ್ವ ಈ ಸಲ ಯಾರನ್ನೂ ಕೇಳಲಿಲ್ಲ. ಕೈ ಹಿಡಿದು ಮಿರಜದಲ್ಲೇ ಮನೋರೋಗದ ಡಾಕ್ಟರರ ಹತ್ತಿರ ಕರೆದೊಯ್ದಳು. ಮನೆಯಿಂದ ಅಲ್ಲಿಗೆ ನಡೆದೇ ಹೋಗುವಷ್ಟು ದೂರ. ಗುಳಿಗೆ ಶುರುವಾದ ಕೆಲವು ವಾರಗಳಲ್ಲಿ ಕಾಕು ಸಣ್ಣಗೆ ನಕ್ಕು, "ಈಗ ಆಕಿ ದೂರ ಕುಂತಾಳ್ರಿ ವೈನಿ. ಬೈದ್ರೂ ಕೇಳೂದಿಲ್ಲ," ಅಂದಳು. ಇಷ್ಟೇ ಬೇಕಾಗಿತ್ತು. ಮೊದಲೇ ಇಷ್ಟು ಮಾಡಿದ್ದರೆ...

ಅವ್ವ ಜಗಳಾಡಿ ಅಂಗಡಿಯಿಂದ ಮಷಿನ್ನು ತಂದಳು. ನಮ್ಮ ಪಡಸಾಲೆಯಲ್ಲಿ ಕಾಕು ಒಂದು ಲೋಟ ತೊಡೆಯ ಮೇಲಿಟ್ಟುಕೊಂಡು ನನ್ನ ಹೆಸರು ಬರೆಯಲು ಕೂತಳು. ಗೆರೆ ನಡುಗಿತು, ಜಾರಿತು. ಶಿರೋರೇಖೆ ಅಲ್ಲಲ್ಲಿ ಮುರಿಯಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಇನ್ನೊಮ್ಮೆ ಬರೆದು ನೋಡಿದಳು. ಆಮೇಲೆ ಮಷಿನ್ನು ಬಂದ್ ಮಾಡಿ ಆ ಲೋಟವನ್ನು ಬಹಳ ಹೊತ್ತು ತಿರುಗಿಸುತ್ತ ಕೂತಳು.

"ಇದು ನನ್ನ ಅಕ್ಷರ ಅಲ್ಲ," ಅಂದಳು. "ನನಗ ಹೊಡದ್ನಲ್ಲ, ಅವಂದು."

ಮತ್ತೆ ಅವಳು ಬರೆಯಲಿಲ್ಲ. ನಾನು ಪುಣೆಯಲ್ಲಿ ಓದುತ್ತಿದ್ದಾಗ ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು.

ಇದಿಷ್ಟನ್ನೂ ನಾನು ಆ ಡೈರೆಕ್ಟರನಿಗೆ ಹೇಳಿದೆ. ಅವನು ಅಲ್ಲಾಡದೆ ಕೂತು ಕೇಳಿದ, ಕಣ್ಣಲ್ಲಿ ನೀರೂ ಬಂತು. ತಿಳಿಯಿತು ಅಂದುಕೊಂಡೆ.

"ಭಾರೀ ಐತ್ರಿ ಅಕ್ಕಾ," ಅಂದ. "ಕೈ ಮುರಿಯೂ ಸೀನ್ ಇಂಟರ್ವಲ್‌ಕ ಇಟ್ರ ಥೇಟರದಾಗ ಮಂದಿ ಏಳೂದಿಲ್ಲ. ಇದನ್ನ ತಗೋಳ್ಳೇನ್ರಿ?"

ತಾಟನ್ನು ಅವನ ಕೈಗಿಟ್ಟು ಬಾಗಿಲು ತೋರಿಸಿದೆ. ಟೈಟಲ್ಲನ್ನು ಈಗ ಬೇರೆ ಯಾರೋ ಮಾಡಿದ್ದಾರೆ. ಮಿರಜ ಸ್ಟೇಷನ್ ರಸ್ತೆಯಲ್ಲಿ ಪೋಸ್ಟರ್ ಹಚ್ಚಿದ್ದಾರೆ. ಆ ಮುರುಕು ಅಕ್ಷರಗಳೇ.

ಕಾಕುವಿನ ಅಕ್ಷರದಿಂದಲೇ ಒಂದು ಫಾಂಟ್ ಮಾಡಬೇಕು ಎಂಬ ಹಟ ಆಗ ಹುಟ್ಟಿತು. ಅವಳು ಹೆಸರು ಬರೆದಿದ್ದ ನಮ್ಮ ಮನೆಯ ಪಾತ್ರೆಗಳು ಕೃಷ್ಣೆಯ ಮಹಾಪೂರದಲ್ಲಿ ಹೋಗಿದ್ದವು. ಹಾಗಾಗಿ ಹೋದ ಶುಕ್ರವಾರ ಮ್ಹೈಸಾಳಕ್ಕೆ ಹೋದೆ, ಅಂದು ಮದುವೆಯಾದ ಆ ಹುಡುಗಿಯ ಮನೆಗೆ. ಈಗ ಅವಳೇ ಮನೆಯ ಯಜಮಾನಿ. ಗುರುತು ಹಿಡಿದು, "ಬರ್ರಿ ಅಕ್ಕಾ, ಕುಂದ್ರಿ," ಎಂದು ಚಹಾಕ್ಕಿಟ್ಟಳು. ಕಾಕು ಬರೆದ ಪಾತ್ರೆ ಒಂದಾದರೂ ಇದೆಯಾ ಎಂದು ಕೇಳಿದೆ. ಅವಳು ಎದ್ದುಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು.

"ಮೆಲ್ಲಕ ಮಾತಾಡ್ರಿ. ಐತ್ವಾರ ನನ್ನ ಮಗಳ್ನ ನೋಡಾಕ ಬರಾಕತ್ತಾರ. ಕಾಕೂನ ವಿಷಯ ಈ ಮನ್ಯಾಗ ಯಾರಿಗೂ ಗೊತ್ತಿಲ್ರಿ."

"ಪಾತ್ರೆ?"

"ಯಾವಾಗೋ ಗುಜರಿಗಿ ಹಾಕೇವ್ರಿ. ಯಾರ ಬರದಾರ, ಯಾರ ಬರದಾರ ಅಂತ ಅತ್ತಿ ಕೇಳತಿದ್ರು. ಏನಂತ ಹೇಳ್ಲಿ?"

ಪಕ್ಕದ ಕೋಣೆಯಲ್ಲಿ ಅವಳ ಮಗಳು ಫೋನಿನಲ್ಲಿ ಯಾರೊಡನೆಯೋ ನಗುತ್ತಿದ್ದಳು. ಕಾಕು ಎಂಬವಳೊಬ್ಬಳು ಇದ್ದಳೆಂದೇ ಆ ಹುಡುಗಿಗೆ ಗೊತ್ತಿಲ್ಲ. ಕರಗಿ ಹೋದ ಸ್ಟೀಲನ್ನು ನಾನು ಎಲ್ಲಿಂದ ತರಲಿ... ಚಹಾ ಕುಡಿಯದೆ ಎದ್ದೆ.

"ಸಿಟ್ಟಿಗೆದ್ರೇನ್ರಿ ಅಕ್ಕಾ?" ಎಂದು ಮೆಟ್ಟಿಲವರೆಗೂ ಬಂದಳು.

"ಹೌದವ್ವಾ," ಅಂದೆ. ಗಟ್ಟಿಯಾಗಿಯೇ ಅಂದೆ. ಒಳಗೆ ಹುಡುಗಿಯ ನಗು ನಿಂತಿತು.