ಮೀಸೆ ಮುರಿಯದ ಚಟ್ಲಿ

ಮೀನನ್ನು ಕೊಯ್ದು, ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡದೆ ಬಿಸಾಡುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬ್ರಹ್ಮಾವರದ ನಮ್ಮ ಮನೆಗೆ ಭಾನುವಾರ ಮೀನು ಬಂತೆಂದರೆ ಊಟ ತಡವೆಂದೇ ಲೆಕ್ಕ. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಪೋಸ್ಟ್‌ಮಾರ್ಟಂ ಮುಗೀತಾ? ಗಂಜಿಯಾರೂ ಬಡಿಸ್ತ್ಯಾ?" ಎಂದು ಕೆಣಕುತ್ತಾರೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಮೀನ್ ಟೀಚರ್' ಎನ್ನುವುದು ಗೊತ್ತಿದೆ. ಗೊತ್ತಿಲ್ಲದವಳ ಹಾಗೆ ಇರುತ್ತೇನೆ, ಯಾಕೆಂದರೆ ಒಳಗೊಳಗೆ ಖುಷಿಯಾಗುತ್ತದೆ.

ಈ ಹುಚ್ಚು ಹಿಡಿಸಿದವಳು ಅಮ್ಮ. ಹಾಗೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದಿದ್ದೆ.

ಆಗ ನಮ್ಮ ಮನೆ ಬೈಂದೂರಿನ ಕಡಲ ಬದಿಯಲ್ಲಿತ್ತು. ಅಪ್ಪಯ್ಯ ಸಣ್ಣ ದೋಣಿಯಲ್ಲಿ ಗಾಳ ಹಾಕಲು ಹೋಗುತ್ತಿದ್ದರು. ಸಿಕ್ಕಿದ್ದನ್ನು ಮಾರಿ, ಒಂದು ಮೀನನ್ನು ಮನೆಗೆ ತರುತ್ತಿದ್ದರು. ಅಮ್ಮ ಬಾವಿಕಟ್ಟೆಯ ಬಳಿ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತು, ಕೈಗೆ ಬೂದಿ ಸವರಿಕೊಂಡು ಅದನ್ನು ಕೊಯ್ಯುತ್ತಿದ್ದಳು. ಬೇರೆ ಹೆಂಗಸರು ಕರುಳನ್ನು ಕಾಗೆಗೆ ಎಸೆದು ಕೆಲಸ ಮುಗಿಸುತ್ತಿದ್ದರು. ಅಮ್ಮ ಮಾತ್ರ ಮೀನು ತಿಂದದ್ದೆಲ್ಲ ತುಂಬಿಕೊಂಡಿರುವ ಆ ಪುಟ್ಟ ಚೀಲವನ್ನು ಬೇರೆ ತೆಗೆದು, ಕಲ್ಲಿನ ಮೇಲಿಟ್ಟು, ಅದನ್ನೂ ಸೀಳುತ್ತಿದ್ದಳು.

"ಇದ್ ಎಂತ ತಿಂದಿತ್ತ್, ಕಾಂಬ," ಎನ್ನುತ್ತಿದ್ದಳು.

ಅಷ್ಟರಲ್ಲಿ ನಾನು ಎಲ್ಲಿದ್ದರೂ ಓಡಿ ಬಂದು, ಅವಳ ಭುಜಕ್ಕೆ ಗಲ್ಲ ಒತ್ತಿ ಬಗ್ಗಿ ನಿಂತಿರುತ್ತಿದ್ದೆ. ಎಷ್ಟೆಲ್ಲ ಸಿಗುತ್ತಿತ್ತು ಅದರೊಳಗೆ! ಏಡಿಯ ಕಾಲು, ಅರ್ಧ ಕರಗಿದ ಮರಿಮೀನು, ಚಟ್ಲಿಯ ಸಿಪ್ಪೆ. ಸಿಗಡಿಗೆ ನಮ್ಮ ಕಡೆ ಚಟ್ಲಿ ಎನ್ನುತ್ತಾರೆ. ಒಮ್ಮೊಮ್ಮೆ ಗಿಣಿಯ ಕೊಕ್ಕಿನಂಥ ಒಂದು ಕರಿ ಚೂರು ಸಿಗುತ್ತಿತ್ತು. ಅದು ಮಸಿ ಉಗುಳುವ ಬೊಂಡಾಸಿನ ಬಾಯಿ, ಅದರ ಮೈಯೆಲ್ಲ ಕರಗಿದರೂ ಅದೊಂದು ಬೇಗ ಕರಗುವುದಿಲ್ಲ ಎಂದು ಕಾಲೇಜಿನಲ್ಲಿ ತಿಳಿಯಿತು. ಆಗ ನನಗೆ ಅದು ನಿಧಿಯಾಗಿತ್ತು. ತೊಳೆದು ಅಂಗೈಯಲ್ಲಿಟ್ಟುಕೊಂಡು, ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಅಪ್ಪಯ್ಯನ ಹತ್ತಿರ ಓಡುತ್ತಿದ್ದೆ.

"ಅಪ್ಪಯ್ಯ, ಕಾಣಿ! ಗಿಣಿ ಕೊಕ್ಕ್!"

ಅಪ್ಪಯ್ಯ ಬೀಡಿ ಆರಿಸಿ ಎದ್ದು ಹೋಗುತ್ತಿದ್ದರು. ಅಂಥ ದಿನ ಅಮ್ಮ ಊಟದ ಬಟ್ಟಲನ್ನು ಸ್ವಲ್ಪ ಜೋರಾಗಿಯೇ ನೆಲಕ್ಕಿಡುತ್ತಿದ್ದಳು. ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಇನ್ನು ಆ ಮುರು ಮೀನಿನ ದಿನ. ಮೊಳದುದ್ದದ ಮೀನು. ಅಮ್ಮ ಚೀಲ ಸೀಳಿದರೆ ಒಳಗೊಂದು ಇಡೀ ಚಟ್ಲಿ! ಕಾಲು, ಕಣ್ಣು, ಉದ್ದನೆಯ ಮೀಸೆ, ಯಾವುದೂ ಮುರಿದಿರಲಿಲ್ಲ. ಅದಕ್ಕೆ ಜೀವ ಇದೆಯೆಂದು ಕೂಗಿ ಕುಣಿದೆ, ಅಕ್ಕಪಕ್ಕದವರನ್ನೆಲ್ಲ ಕರೆದೆ. ಅಮ್ಮ ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದಳು. ಜಗಲಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಏನೂ ಹೇಳದೆ ನನ್ನ ಕೈಗೆ ಕೊಟ್ಟಳು. ನಾನು ಜೀವಶಾಸ್ತ್ರದ ದಾರಿ ಹಿಡಿದದ್ದು ಅವತ್ತೇ ಎಂದು ಪ್ರತಿ ವರ್ಷ ಹೊಸ ತರಗತಿಗೆ ಹೇಳುತ್ತೇನೆ.

ಆದರೆ ಒಂದು ತಕರಾರಿತ್ತು. ಆಮೇಲೆ ನಾನು ಸೀಳಿದ ಮೀನಿನ ಹೊಟ್ಟೆಗಳಿಗೆ ಲೆಕ್ಕವಿಲ್ಲ. ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸರು ಹೊಟ್ಟೆ ದಪ್ಪಗಿರುವ ಮೀನನ್ನು ನನಗೆಂದೇ ಬದಿಗೆ ಎತ್ತಿಡುತ್ತಾರೆ. ಆಗ ತಾನೇ ನುಂಗಿದ ಚಟ್ಲಿಗಳೂ ಸಿಕ್ಕಿವೆ. ಮೈ ಇಡಿಯಾಗಿದ್ದರೂ ಮೀಸೆ ಎಲ್ಲೋ ತುಂಡಾಗಿರುತ್ತದೆ. ಮೀಸೆ ಮುರಿಯದ ಚಟ್ಲಿ ಮತ್ತೊಂದು ಸಿಗಲಿಲ್ಲ. ಹಾಗಾದರೆ ಅದೊಂದು ಹೇಗೆ ಉಳಿಯಿತು? ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊನ್ನೆ ಯಡ್ತರೆಗೆ ಹೋಗಿದ್ದೆ. ತಮ್ಮ ಅಲ್ಲಿ ಮನೆ ಕಟ್ಟಿಸಿದ ಮೇಲೆ ಅಪ್ಪಯ್ಯ, ಅಮ್ಮ ಅವನ ಜೊತೆಗಿದ್ದಾರೆ. ಅವನು ಕೊಲ್ಲೂರಿಗೆ ಬರುವ ಯಾತ್ರಿಕರಿಗೆ ಜೀಪು ಓಡಿಸುತ್ತಾನೆ. ಕಡಲಿಗೆ ಹೋಗುವವರು ಈಗ ಮನೆಯಲ್ಲಿ ಯಾರೂ ಇಲ್ಲ. ದಾರಿಯಲ್ಲಿ ಒಳ್ಳೆಯ ಮುರು ಮೀನು ಕಂಡು ಕೊಂಡುಕೊಂಡಿದ್ದೆ. ಹಿತ್ತಿಲಲ್ಲಿ ಮೆಟ್ಟುಗತ್ತಿ ಹಾಕಿ ಕೂತೆ. ನನ್ನ ಹಿಂದೆ ಕುರ್ಚಿಯಲ್ಲಿ ಅಮ್ಮ, ಬಾಗಿಲ ಬಳಿ ಅಪ್ಪಯ್ಯ. ಮೀನು ನೋಡಿದ್ದೇ ಹಳೆಯ ಪ್ರಶ್ನೆ ಬಾಯಿಗೆ ಬಂತು.

"ಅಮ್ಮ, ಆ ಚಟ್ಲಿ ಮೀಸಿ ಹ್ಯಾಂಗೆ ಮುರೀಲಿಲ್ಲ?"

ಅಪ್ಪಯ್ಯ ಕೆಮ್ಮಿದರು. ಅಮ್ಮ ಅವರ ಕಡೆ ಕೈ ತೋರಿಸಿದಳು. "ಅವ್ರನ್ನೇ ಕೇಳ್. ತುರ್ಕಿದ್ದ್ ಅವ್ರೇ ಅಲ್ದಾ!"

ಅಮ್ಮ ನಿಧಾನವಾಗಿ ಬಿಡಿಸಿ ಹೇಳಿದಳು. ನಾನು ಹುಟ್ಟುವ ಮುಂಚೆ ಅವಳ ತಮ್ಮ ಕಡಲಲ್ಲಿ ತೀರಿಹೋಗಿದ್ದ. ದಡದಿಂದ ಕಾಣುವ ಬಂಡೆಗಳಿಂದ ಆಚೆ ಅವನ ದೋಣಿ ಮಗುಚಿತ್ತು. ಆ ಬಂಡೆ ದಾಟುವುದಿಲ್ಲವೆಂದು ಅಪ್ಪಯ್ಯ ಅಮ್ಮನಿಗೆ ಮಾತು ಕೊಟ್ಟಿದ್ದರು. ಆದರೆ ದೊಡ್ಡ ಮೀನು ಸಿಗುವುದು ಆಚೆಯೇ. ಬಂಡೆಯ ಈಚೆಗೆ ಕೆಸರು ನೆಲ. ಅಲ್ಲಿಯ ಮೀನು ಚಟ್ಲಿ, ಏಡಿ ತಿಂದಿರುತ್ತದೆ. ಆಚೆಯ ಮೀನಿನ ಹೊಟ್ಟೆಯಲ್ಲಿ ಬೊಂಡಾಸು. ಗಂಡ ಎಲ್ಲಿಯವರೆಗೆ ಹೋಗಿ ಬಂದರೆಂದು ತಿಳಿಯಲು ಅಮ್ಮನಿಗೆ ಇದ್ದದ್ದು ಅದೊಂದೇ ದಾರಿ.

ಅಯ್ಯೋ, ನನ್ನ ಗಿಣಿ ಕೊಕ್ಕುಗಳೇ! ಒಂದೊಂದನ್ನೂ ತೊಳೆದು, ಸಾಕ್ಷಿ ಹಿಡಿದು ತಂದವಳ ಹಾಗೆ ಅಪ್ಪಯ್ಯನ ಮೂಗಿನ ಬುಡಕ್ಕೆ ಹಿಡಿದಿದ್ದೆನಲ್ಲ!

"ನಿಮ್ಮಿಬ್ರ್ ಕಾಟ ತಡೂಕಾಯ್ದೇ ಮಾಡದ್ದ್," ಎಂದರು ಅಪ್ಪಯ್ಯ. "ದಡದಲ್ ಒಂದ್ ಚಟ್ಲಿ ತಕಂಡ್, ಅಂಗಿ ಕಿಸೆಲ್ ಇಟ್ಕಂಡ್ ಬಂದ್, ಮೀನಿನ್ ಬಾಯಂಗೆ ಹಾಕಿ ಹೊಟ್ಟಿವರಿಗೂ ತುರ್ಕಿದೆ. ಮೀಸಿ ಮುರೂಕಾಗ ಅಂದ್ಹೇಳಿ ಎಷ್ಟ್ ಜಾಗ್ರತಿ ಮಾಡಿದ್ದೆ!"

"ಹೌದ್, ದೊಡ್ಡ್ ಜಾಗ್ರತಿ!" ಎಂದಳು ಅಮ್ಮ. "ಚಟ್ಲಿ ಮೈಗೆಲ್ಲ ಬೀಡಿ ಹುಡಿ. ಮೀನ್ ಬೀಡಿ ಸೇದತ್ತಾ?"

ಮೂವರೂ ನಕ್ಕೆವು. ನಗುತ್ತಿರುವಾಗಲೇ ನನ್ನ ಮನಸ್ಸು ಮುದುಡಿತು. ಇಷ್ಟು ವರ್ಷ ಅಮ್ಮನ ಕುತೂಹಲವೆಂದು ಎದೆಗೊತ್ತಿಕೊಂಡು ಬಂದದ್ದು ಕುತೂಹಲವೇ ಅಲ್ಲ, ಹೆದರಿಕೆ. ಅವಳ ಭುಜಕ್ಕೆ ಗಲ್ಲ ಒತ್ತಿ ನಿಂತಾಗ ನಾವಿಬ್ಬರೂ ಒಂದನ್ನೇ ಹುಡುಕುತ್ತಿದ್ದೇವೆ ಎಂದುಕೊಂಡಿದ್ದೆ. ಸಿಗಲಿ ಎಂದು ನಾನು ಹಾರೈಸಿದ್ದನ್ನೇ ಅವಳು ಸಿಗದಿರಲಿ ಎಂದು ಬೇಡುತ್ತಿದ್ದಳು. ನನಗೆ ದುಃಖವಾಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ, ಅಷ್ಟು ದಿನ ಒಬ್ಬಳೇ ಕುಣಿದೆನೆಂದು ನಾಚಿಕೆಯೂ ಆಯಿತು.

"ಗೊತ್ತಾದ್ರೂ ಅವತ್ತ್ ಎಂತಕ್ಕೆ ಬೈಲಿಲ್ಲ ನೀನ್?"

"ನೀನ್ ಕುಣೀತಾ ಇದ್ದೆ. ಅದನ್ನ್ ಹಾಳ್ ಮಾಡೂಕೆ ಮನ್ಸ್ ಬರ್ಲಿಲ್ಲ."

"ಬೈದಿದ್ರೆ ಮರ್ದಿನ ಮತ್ತೂ ಹೋತಿದ್ದೆ," ಎಂದರು ಅಪ್ಪಯ್ಯ ಬಾಗಿಲ ಬಳಿಯಿಂದ. "ಸುಮ್ನಾದ್ಳ್. ಮತ್ ಆ ಬಂಡೆಯಿಂದ ಆಚಿಗ್ ಹೋಪುಕೆ ಮನ್ಸೇ ಬರ್ಲಿಲ್ಲ."

ನಾನು ತಲೆ ತಗ್ಗಿಸಿ ಮೀನಿನ ಹೊಟ್ಟೆ ಸೀಳಿದೆ. ಕರುಳಿನ ಜೊತೆಗೇ ಆ ಚೀಲವನ್ನೂ ಎಳೆದು ಬದಿಗೆ ಸರಿಸಿದೆ. ನೋಡುವ ಮನಸ್ಸಿರಲಿಲ್ಲ. ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು.

"ಅದನ್ನ್ ಎಂತಕ್ಕೆ ಬಿಸಾಡ್ತೆ ಹೆಣೆ? ಕೊಯ್. ಎಂತ ತಿಂದಿತ್ತ್, ಕಾಂಬ."

"ಈಗ ಎಂತಕ್ಕಮ್ಮ? ಕಡ್ಲಿಗ್ ಹೋಪೋರ್ ಯಾರಿದ್ರ್?"

"ಅದ್ಕೇ ಮತ್ತೆ. ಆಗೆಲ್ಲ ಹೆದ್ರಕಂಡೇ ಕಂಡದ್ದ್. ಸಮಾ ಕಂಡದ್ದೇ ಇಲ್ಲ," ಎಂದಳು ಅಮ್ಮ, ನನ್ನ ಭುಜಕ್ಕೆ ಗಲ್ಲ ಒತ್ತಿ ಬಗ್ಗುತ್ತಾ.