ಹಲ್ಲಿನವರ ಸೈಕಲ್ಲಿಗೆ ಎರಡು ಕ್ಯಾಮೆರಾ

ಹಲ್ಲಿನವರು ಸೈಕಲ್ಲಿನಿಂದ ಬಿದ್ದದ್ದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಮೊಣಕೈ ತರಚಿತ್ತು, ಪ್ಯಾಂಟು ಮಂಡಿಯ ಹತ್ತಿರ ಹರಿದಿತ್ತು, ಬಲಗೈ ಮಣಿಕಟ್ಟು ಬನ್ನಿನ ಹಾಗೆ ಊದಿತ್ತು. ತಕರಾರಿದ್ದದ್ದು ಬೀಳಿಸಿದವರು ಯಾರು ಎಂಬುದರಲ್ಲಿ. ಎಡಗಡೆಯ ಓಣಿಯಿಂದ ಒಂದು ಬಿಳಿ ವ್ಯಾನು ಮೂತಿ ಹೊರಗೆ ಹಾಕಿ ಗುದ್ದಿತು ಎಂದು ಅವರು ಹೇಳಿದರು. ಯಾರೂ ಗುದ್ದಲಿಲ್ಲ ಎಂದು ಅವರದೇ ಸೈಕಲ್ಲಿನ ಎರಡು ಕ್ಯಾಮೆರಾಗಳು ಹೇಳಿದವು. ಮನೆಯವರು ಕ್ಯಾಮೆರಾಗಳ ಮಾತನ್ನೇ ನಂಬಿದರು.

ಹಲ್ಲಿನವರು ಎಂದರೆ ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಇವರ ಕೆಲಸ. ಮೂವತ್ತೊಂದು ವರ್ಷದಿಂದ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಊರಿನ ಅರ್ಧದಷ್ಟು ಮುದುಕರ ನಗುವನ್ನು ತಯಾರಿಸಿದ್ದಾರೆ. ಅವರಲ್ಲಿ ಒಬ್ಬರ ಮುಖವನ್ನೂ ನೋಡಿಲ್ಲ. ಬೆಳಿಗ್ಗೆ ಸಿದ್ಧವಾದ ಸೆಟ್ಟುಗಳನ್ನು ಸ್ಪಂಜು ಹಾಸಿದ ತಗಡಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕ್ಯಾರಿಯರಿಗೆ ಬಿಗಿದು, ಏಳು ಕ್ಲಿನಿಕ್ಕುಗಳಿಗೆ ಸೈಕಲ್ಲಿನಲ್ಲಿ ಹೋಗಿ ಕೊಟ್ಟು ಬರುತ್ತಾರೆ. ದಿನವಿಡೀ ಕುತ್ತಿಗೆ ಬಗ್ಗಿಸಿ ಕೂರುವ ಮನುಷ್ಯನಿಗೆ ತಲೆ ಎತ್ತಿ ಆಕಾಶ ಕಾಣುವುದು ಆ ಎರಡು ಗಂಟೆ ಮಾತ್ರ. ಅದನ್ನು ಬಿಟ್ಟುಕೊಡಲು ಅವರು ಸುತರಾಂ ತಯಾರಿರಲಿಲ್ಲ.

ಹೋದ ವರ್ಷ ಒಂದು ಕಾರು ಅವರನ್ನು ಸವರಿಕೊಂಡು ಹೋದಾಗಲೇ ಹೆಂಡತಿ ಸೈಕಲ್ಲಿಗೆ ಬೀಗ ಹಾಕಿಬಿಟ್ಟಿದ್ದಳು. ಆಗ ರಾಜಿ ಮಾಡಿಸಿದವಳು ಮಗಳು. ಹ್ಯಾಂಡಲ್ಲಿಗೊಂದು ಕ್ಯಾಮೆರಾ, ಕ್ಯಾರಿಯರಿನ ತುದಿಗೊಂದು ಕ್ಯಾಮೆರಾ ತಂದು ಕೂರಿಸಿದಳು. ಗುದ್ದಿದವನ ನಂಬರು ಸಿಗುತ್ತದೆ, ಗುದ್ದಬೇಕೆಂದಿರುವವನಿಗೂ ಸ್ವಲ್ಪ ಭಯ ಇರುತ್ತದೆ ಎಂಬುದು ಅವಳ ಲೆಕ್ಕ. ಹೆಂಡತಿ ಒಂದು ಷರತ್ತಿನ ಮೇಲೆ ಒಪ್ಪಿದಳು: ದಿನಾ ಸಂಜೆ ಎರಡೂ ವೀಡಿಯೊವನ್ನು ತಾನು ನೋಡಬೇಕು.

ಅಂದಿನಿಂದ ಆಕೆ ಟಿವಿ ಧಾರಾವಾಹಿಗಳಿಗೆ ಸೊಪ್ಪು ಹಾಕಲಿಲ್ಲ. ಅಡುಗೆಮನೆಯ ಮೇಜಿಗೆ ಫೋನು ಒರಗಿಸಿಕೊಂಡು, ತರಕಾರಿ ಹೆಚ್ಚುತ್ತಾ ಮೊದಲು ಮುಂದಿನ ರಸ್ತೆ, ಆಮೇಲೆ ಹಿಂದಿನ ರಸ್ತೆ ನೋಡುತ್ತಿದ್ದಳು.

“ರೀ, ಆ ನೀಲಿ ಬಸ್ಸಿನ ಹತ್ರ ಯಾಕೆ ಹೋದ್ರಿ?”

“ಅದೇ ನನ್ನ ಹತ್ರ ಬಂತು.”

“ಬಂದ್ರೆ ನೀವು ದೂರ ಹೋಗ್ಬೇಕಪ್ಪ. ಬಸ್ಸಿಗೇನು, ಹೆಂಡ್ತಿ ಮಕ್ಳು ಇದಾರಾ?”

ಒಂದು ವರ್ಷದಲ್ಲಿ ಆಕೆಗೆ ಯಾವ ತಿರುವಿನಲ್ಲಿ ಚರಂಡಿಯ ಚಪ್ಪಡಿ ಮುರಿದಿದೆ, ಯಾವ ಗೇಟಿನ ನಾಯಿ ಅಟ್ಟಿಸಿಕೊಂಡು ಬರುತ್ತದೆ ಎಲ್ಲವೂ ಬಾಯಿಪಾಠವಾಗಿತ್ತು. ಹಲ್ಲಿನವರು ಮಾತ್ರ ಒಂದು ದಿನವೂ ಕೂತು ನೋಡಿದವರಲ್ಲ. ಹೋಗಿ ಬಂದ ದಾರಿಯನ್ನು ಮತ್ತೇನು ನೋಡುವುದು ಎನ್ನುತ್ತಿದ್ದರು.

ಬಿದ್ದ ದಿನದ ವೀಡಿಯೊವನ್ನು ಮಗಳು ಹನ್ನೊಂದು ಸಲ ತಿರುಗಿಸಿ ನೋಡಿದಳು. ಮುಂದಿನದರಲ್ಲಿ ನೇರ ರಸ್ತೆ, ಧಡ್ ಎಂಬ ಸದ್ದು, ಆಮೇಲೆ ಆಕಾಶ, ಆಕಾಶದಲ್ಲಿ ಒಂದು ತಂತಿ, ತಂತಿಯ ಮೇಲೆ ಕಾಗೆ. ಹಿಂದಿನದರಲ್ಲಿ ಖಾಲಿ ರಸ್ತೆ, ರಸ್ತೆ ದಾಟುವ ಬೆಕ್ಕು, ಆಮೇಲೆ ಚರಂಡಿ.

“ಅಪ್ಪಾ, ವ್ಯಾನೇ ಇಲ್ವಲ್ಲ.”

“ಪಕ್ಕದಿಂದ ಬಂತಮ್ಮ. ಗುದ್ದಿ, ಹಂಗೇ ರಿವರ್ಸ್ ತಗೊಂಡು ಓಣಿ ಒಳಗೇ ಹೋಯ್ತು.”

“ಕಾಗೆ ಕಾಣುತ್ತೆ, ಬೆಕ್ಕು ಕಾಣುತ್ತೆ. ಅಷ್ಟು ದೊಡ್ಡ ವ್ಯಾನ್ ಕಾಣಲ್ವಾ?”

ವೀಡಿಯೊದಲ್ಲಿ ಮುಂದೆ ಜನ ಸೇರಿದ ಸದ್ದಿತ್ತು. “ಹಲ್ಲು! ಮೊದಲು ಹಲ್ಲು ನೋಡಿ, ಒಡೆದಿದ್ಯಾ?” ಎಂದು ಹಲ್ಲಿನವರು ಕೂಗುತ್ತಿದ್ದರು. ಅವರು ಕೇಳಿದ್ದು ಪೆಟ್ಟಿಗೆಯಲ್ಲಿದ್ದ ಹಲ್ಲನ್ನು. ಯಾರೋ ಪುಣ್ಯಾತ್ಮ “ಬಾಯಿ ತೆಗೀರಿ ಯಜಮಾನ್ರೇ” ಎಂದು ತೆಗೆಸಿ ನೋಡಿ, “ಎಲ್ಲಾ ಇವೆ” ಎಂದು ಸಮಾಧಾನ ಹೇಳಿದ. ಅದಾದ ಮೇಲೆ ಹಲ್ಲಿನವರ ದನಿ ಮತ್ತೊಂದು ಮಾತು ಹೇಳಿತು: “ಮನೇಲಿ ಗೊತ್ತಾಗೋದು ಬೇಡ.”

ಹೆಂಡತಿ ಅಲ್ಲಿಗೆ ಫೋನು ಮಗುಚಿ ಇಟ್ಟಳು.

“ತಲೆ ಸುತ್ತಿ ಬಿದ್ದಿದ್ದೀರಿ. ವಯಸ್ಸಾಯ್ತು, ಒಪ್ಕೊಂಡ್ಬಿಡಿ,” ಎಂದಳು. ಸೈಕಲ್ಲಿನ ಕೀಲಿ ಆಕೆಯ ಗೊಂಚಲು ಸೇರಿತು.

ಕೀಲಿ ಹೋದದ್ದು ಒಂದು ನೋವು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ತನ್ನ ಮಾತಿಗೆ ಒಂದು ಕಾಗೆಯ ಮಾತಿನಷ್ಟೂ ಬೆಲೆ ಇಲ್ಲದೆ ಹೋಯಿತಲ್ಲ ಎನ್ನುವುದು ಅದಕ್ಕಿಂತ ದೊಡ್ಡ ನೋವು. ಹಲ್ಲಿನವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡತೊಡಗಿದರು.

ಮೂರನೆಯ ದಿನ ಪೆಟ್ಟಿಗೆ ಒರೆಸುವಾಗ ಅದರ ಎಡಮೈ ಜಜ್ಜಿರುವುದು ಕಾಣಿಸಿತು. ಉದ್ದಕ್ಕೆ ಒಂದು ಗೀರು, ಗೀರಿನ ನಡುವೆ ಒಂದು ಕುಳಿ. ಬೇರೆಯವರಾಗಿದ್ದರೆ ಸುತ್ತಿಗೆ ತಂದು ತಟ್ಟಿ ನೆಟ್ಟಗೆ ಮಾಡುತ್ತಿದ್ದರು. ಇವರು ಅಭ್ಯಾಸಬಲದಿಂದ ಪ್ಲಾಸ್ಟರ್ ಕಲಸಿ ಕುಳಿಗೆ ಸುರಿದರು. ಅರ್ಧ ಗಂಟೆ ಬಿಟ್ಟು ಕಿತ್ತಾಗ ಕೈಗೆ ಬಂದದ್ದು ಕಬ್ಬಿಣದ ಪಟ್ಟಿಯ ಒಂದು ತುಣುಕಿನ ಅಚ್ಚು ಮತ್ತು ಅದರ ಮೇಲೊಂದು ಆರು ಮೂಲೆಯ ಬೋಲ್ಟಿನ ತಲೆ. ಆರರಲ್ಲಿ ಒಂದು ಮೂಲೆ ಸವೆದಿತ್ತು. ಬೇರೆ ಯಾರು ನೋಡಿದರೂ ಅದೊಂದು ಬಿಳಿ ಹೆಂಟೆ. ಹಲ್ಲಿನವರಿಗೆ ಕಚ್ಚಿದ ಬಾಯಿಯೇ ಸಿಕ್ಕ ಹಾಗಾಯಿತು.

ಆ ಓಣಿಯಲ್ಲಿ ಒಂದು ಬಣ್ಣದ ಅಂಗಡಿ, ಒಂದು ಕೊರಿಯರ್ ಆಫೀಸು, ಒಂದು ಲಾಂಡ್ರಿ ಇದ್ದವು. ಬಿಳಿ ವ್ಯಾನುಗಳು ಒಟ್ಟು ಐದು. ಹಲ್ಲಿನವರು ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಂದೊಂದರ ಮುಂದೆಯೂ ಬಗ್ಗಿ, ಕೈಯಲ್ಲಿದ್ದ ಹೆಂಟೆಯನ್ನೂ ವ್ಯಾನಿನ ಮೂತಿಯನ್ನೂ ಹೋಲಿಸಿ ಹೋಲಿಸಿ ನೋಡಿದರು.

“ಏನ್ ಹುಡುಕ್ತಿದೀರಿ?” ಎಂದು ಕೊರಿಯರ್ ಆಫೀಸಿನ ವಾಚ್‌ಮನ್ ಕೇಳಿದ.

“ಕಚ್ಚು ನೋಡ್ತಿದೀನಿ.”

ವಾಚ್‌ಮನ್ ಕುರ್ಚಿಯನ್ನು ನಾಲ್ಕಡಿ ಆಚೆ ಎಳೆದುಕೊಂಡು ಕೂತ.

ನಾಲ್ಕನೆಯದು ಲಾಂಡ್ರಿಯ ವ್ಯಾನು. ಅದರ ಮುಂದಿನ ಕಬ್ಬಿಣದ ಗಾರ್ಡಿನ ತುದಿಯಲ್ಲಿ ಒಂದು ಮೂಲೆ ಸವೆದ ಬೋಲ್ಟಿತ್ತು. ಹಲ್ಲಿನವರು ಜೇಬಿನಿಂದ ಒಂದು ಚೂರು ನೀಲಿ ಕಾಗದ ತೆಗೆದರು. ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ತಾಗುತ್ತದೋ ಇಲ್ಲವೋ ನೋಡಲು ಅಚ್ಚುಗಳ ನಡುವೆ ಇಟ್ಟು ಒತ್ತುವ, ಬಣ್ಣ ಅಂಟುವ ಕಾಗದ ಅದು. ಅದನ್ನು ಬೋಲ್ಟಿಗೂ ಪೆಟ್ಟಿಗೆಯ ಕುಳಿಗೂ ನಡುವೆ ಇಟ್ಟು ಒತ್ತಿದರು. ಕುಳಿಯಲ್ಲಿ ಐದು ನೀಲಿ ಚುಕ್ಕೆ ಬಿದ್ದವು, ಆರನೆಯದು ಬೀಳಲಿಲ್ಲ. ಅವರ ವೃತ್ತಿಯಲ್ಲಿ ಇಷ್ಟು ಚೆನ್ನಾಗಿ ಕೂತ ಸೆಟ್ಟುಗಳು ಕಡಿಮೆ.

ಹೆಗಲ ಮೇಲೆ ಹಾಸಿಗೆ ಬಟ್ಟೆಯ ಗಂಟು ಹೊತ್ತು ಬಂದ ಡ್ರೈವರು ಇದನ್ನೆಲ್ಲ ನೋಡಿ ಗಂಟು ಕೆಳಗಿಟ್ಟ. ಮೊದಲು ಗೊತ್ತೇ ಇಲ್ಲ ಎಂದ. ನೀಲಿ ಚುಕ್ಕೆಗಳನ್ನು ನೋಡಿದ ಮೇಲೆ ಮೆತ್ತಗಾದ.

“ಏನೋ ತಾಗ್ದಂಗಾಯ್ತು ಸಾರ್. ಇಳಿದು ನೋಡಿದ್ರೆ ನಿಜ ಆಗ್ಬಿಡುತ್ತೆ ಅಂತ ಹಿಂದಕ್ಕೆ ತಗೊಂಡೆ.”

“ಕಂಪ್ಲೇಂಟ್ ಕೊಡಲ್ಲ. ಬಂದು ನನ್ನ ಹೆಂಡ್ತಿ ಹತ್ರ ಇದನ್ನೇ ಹೇಳು.”

“ಬೇಕಾದ್ರೆ ಸ್ಟೇಷನ್ನಿಗೆ ಬರ್ತೀನಿ ಸಾರ್. ಮನೆಗೆ ಬೇಡ.”

ಆದರೂ ಬಂದ. ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತು ನಡೆದದ್ದನ್ನೆಲ್ಲ ಒಪ್ಪಿಸಿದ. ಹೆಂಡತಿ ಅವನಿಗೆ ಟೀ ಕೊಟ್ಟಳು. ಕುಡಿದಾದ ಮೇಲೆ “ಇನ್ಮೇಲೆ ತಾಗಿದ್ರೆ ಇಳಿದು ನೋಡಪ್ಪ” ಎಂದು ಹೇಳಿ ಕಳಿಸಿದಳು. ಹಲ್ಲಿನವರು ಗೆದ್ದ ಮುಖ ಮಾಡಿಕೊಂಡು ಕೀಲಿಗೆ ಕೈ ಚಾಚಿದರು.

“ತಲೆ ಸುತ್ತಿದ್ರೆ ಮಾತ್ರೆ ಕೊಡ್ಬಹುದಿತ್ತು,” ಎಂದಳು ಹೆಂಡತಿ. “ಈಗ ಊರಲ್ಲಿರೋ ವ್ಯಾನ್‌ಗಳಿಗೆಲ್ಲ ನಾನೇನು ಕೊಡ್ಲಿ?”

ಕೀಲಿಯ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬಿದ್ದ ತಕ್ಷಣ ಹಲ್ಲು ಕೇಳಿದ್ರಿ. ಆಮೇಲೆ ನನಗೆ ಗೊತ್ತಾಗೋದು ಬೇಡ ಅಂದ್ರಿ. ದಿನಾ ಸಂಜೆ ನಾನು ಕೂತು ನೋಡೋದು ಯಾತಕ್ಕೆ ಅಂದ್ಕೊಂಡಿದೀರಿ? ನಿಮ್ಮ ತಪ್ಪು ಹಿಡಿಯೋಕಾ? ನೀವು ಹೊರಟ ಮೇಲೆ ವಾಪಸ್ ಬರೋವರೆಗೂ ನನ್ನ ಜೀವ ಕೈಯಲ್ಲಿರುತ್ತೆ. ನಿಮ್ಮ ಜೊತೆ ಒಂದ್ಸಲ ಆ ದಾರೀಲಿ ಹೋಗಿಬಂದ್ರೆ ಮಾತ್ರ ನಿದ್ದೆ ಬರುತ್ತೆ.”

ಹಲ್ಲಿನವರಿಗೆ ನಾಚಿಕೆಯಾಯಿತು. ಪೆಟ್ಟಿಗೆಯ ಕುಳಿಯಲ್ಲಿದ್ದ ನೀಲಿ ಬಣ್ಣವನ್ನು ಬೆರಳಿನಿಂದ ಉಜ್ಜುತ್ತಾ ನಿಂತರು.

ಮಣಿಕಟ್ಟಿನ ಊತ ಪೂರ್ತಿ ಇಳಿದ ಮೇಲೆ, ಒಂದು ಬೆಳಿಗ್ಗೆ ಅಂಗಳದಲ್ಲಿ ಎರಡು ಸೈಕಲ್ಲು ನಿಂತಿದ್ದವು. ಒಂದು ಅವರದು. ಇನ್ನೊಂದು ಮಗಳು ಕಾಲೇಜಿಗೆ ಹೋಗುವಾಗಿನದು. ಚಕ್ರಕ್ಕೆ ಗಾಳಿ ತುಂಬಿತ್ತು, ಚೈನಿಗೆ ಎಣ್ಣೆ ಬಿದ್ದಿತ್ತು. ಹೆಂಡತಿ ಸೆರಗು ಬಿಗಿದು ಸಿದ್ಧಳಾಗಿದ್ದಳು.

“ಹಿಂದೆ ಮುಂದೆ ಅವು ನೋಡ್ಕೊಳ್ಲಿ. ಪಕ್ಕ ನಾನು ನೋಡ್ಕೋತೀನಿ.”

ಪಕ್ಕದ ಏರ್ಪಾಡು ಮೊದಲ ಸಿಗ್ನಲ್‌ವರೆಗೆ ನಡೆಯಿತು. ಜೋಡಿಯಾಗಿ ಹೋಗಬಾರದು, ಒಬ್ಬರ ಹಿಂದೆ ಒಬ್ಬರು ಹೋಗಿ ಎಂದು ಟ್ರಾಫಿಕ್ ಪೊಲೀಸು ಸೀಟಿ ಊದಿದ. ಹೆಂಡತಿ ಹಿಂದಾದಳು. ಅಲ್ಲಿಂದ ಮುಂದೆ “ಚಪ್ಪಡಿ ಬಂತು,” “ನಾಯಿ ಗೇಟು” ಎಂದು ದಾರಿಯುದ್ದಕ್ಕೂ ಆಕೆಯ ಕೂಗು ಬೆನ್ನಿಗೆ ಬೀಳುತ್ತಿತ್ತು. ಆ ರಸ್ತೆಗೆ ಆಕೆ ಕಾಲಿಟ್ಟದ್ದು ಅಂದೇ ಮೊದಲು.

ಸಂಜೆ ಆಕೆ ಕಾಲು ನೋವೆಂದು ಮಲಗಿದ್ದಳು. ವೀಡಿಯೊ ನೋಡುವ ಕೆಲಸ ಹಲ್ಲಿನವರ ಪಾಲಿಗೆ ಬಂತು. ಮುಂದಿನದರಲ್ಲಿ ಎಂದಿನ ರಸ್ತೆ. ಹಿಂದಿನದರಲ್ಲಿ ರಸ್ತೆಯೇ ಇರಲಿಲ್ಲ, ಫೋನಿನ ತುಂಬ ಹೆಂಡತಿ. ಸಾಕ್ಷಿಗೆ ಮೂರು ಕಾಸಿನ ಉಪಯೋಗವಿಲ್ಲದ ಆ ವೀಡಿಯೊವನ್ನು ಅವರು ಓಡಿಸದೆ ಪೂರ್ತಿ ನೋಡಿದರು. ಬಸ್ಸು ಬಂತು, ಲಾರಿ ಬಂತು, ನಾಯಿ ಬೊಗಳಿತು. ಆಕೆಯ ಕಣ್ಣು ಆಚೀಚೆ ಹೊರಳಲಿಲ್ಲ. ಕ್ಯಾಮೆರಾಕ್ಕಿಂತ ಒಂದು ಮೊಳ ಮೇಲೆ, ಅವರ ಬೆನ್ನು ಇರುವ ಕಡೆಯೇ ನೆಟ್ಟಿತ್ತು.

“ಇವಳೇ, ನೀನು ರಸ್ತೇನೇ ನೋಡ್ತಿಲ್ವಲ್ಲ!”

“ರಸ್ತೆ ನೋಡೋಕೆ ಎರಡು ಕ್ಯಾಮೆರಾ ಇವೆಯಲ್ಲ,” ಎಂದು ಒಳಗಿನಿಂದ ಉತ್ತರ ಬಂತು.