ಸುಣ್ಣದ ಡಬ್ಬಿಯ ಹುಸೇನಸಾಬರು

ಹುಸೇನಸಾಬರು ಯಾವ ಗಾಡಿ ಬಂದರೂ ಮೊದಲು ಅದರ ಕೀಲಿ ಇಸಿದುಕೊಂಡು ತಮ್ಮ ಜುಬ್ಬಾದ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಓಡಿಸುವವರನ್ನು ಸೀಟಿನಲ್ಲಿ ಕೂರಿಸಿ, ಸುಣ್ಣದ ಪುಡಿಯ ಡಬ್ಬಿ ಹಿಡಿದು ಗಾಡಿಯ ಸುತ್ತ ಹೊರಡುತ್ತಿದ್ದರು. ಎರಡು ಹೆಜ್ಜೆಗೊಮ್ಮೆ ಅದೇ ಪ್ರಶ್ನೆ: "ನಾ ಕಾಣ್ತೀನೇನ್ರಿ?" ಕಂಡರೆ "ಕಾಣ್ತೀರಿ" ಎನ್ನಬೇಕು. ಉತ್ತರ ಬರದ ಕಡೆ ನೆಲಕ್ಕೆ ಒಂದು ಹಿಡಿ ಸುಣ್ಣ ಬೀಳುತ್ತಿತ್ತು. ಪೂರ್ತಿ ಸುತ್ತು ಕಾಣುವ ತನಕ ಕೀಲಿ ವಾಪಸ್ಸಿಲ್ಲ.

ಗಜೇಂದ್ರಗಡದಲ್ಲಿ ರೋಣದ ರಸ್ತೆಗೆ ಅವರ ಶೆಡ್ಡು. ಲಾರಿಗಳಿಗೆ ಬಾಡಿ ಕಟ್ಟುವುದು ಕಸುಬು. ನಾವು ಗಂಡ ಹೆಂಡತಿ ನರೇಗಲ್ಲಿನವರು. ನಮ್ಮವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಒಂದು ಹಳೆಯ ಮಿನಿ ಬಸ್ಸು ಕೊಂಡು, ಒಳಗೆ ಮಂಚ, ಒಲೆ, ನೀರಿನ ಟಾಕಿ ಇಟ್ಟು ಮನೆಗಾಡಿ ಮಾಡಿದರು. ಊರೂರು ಸುತ್ತಬೇಕೆಂಬ ಆಸೆ ಇಬ್ಬರಿಗೂ. ಅಷ್ಟರಲ್ಲಿ ಅವರ ಮೊಣಕಾಲು ಕೈಕೊಟ್ಟಿತು, ಸ್ಟೇರಿಂಗ್ ನನ್ನ ಕೈಗೆ ಬಂತು. ನಾನೇನು ಹೆದರುವವಳಲ್ಲ, ಐವತ್ತೆಂಟರಲ್ಲಿ ಕಲಿತು ಲೈಸೆನ್ಸ್ ತೆಗೆದುಕೊಂಡೆ. ಎಡಕ್ಕೆ ತಿರುಗಿಸುವಾಗ ಮಾತ್ರ ಆ ಕಡೆ ಏನಿದೆಯೋ ತಿಳಿಯುತ್ತಿರಲಿಲ್ಲ. ನರಗುಂದದಲ್ಲಿ ಒಂದು ಬಾಳೆಹಣ್ಣಿನ ತಳ್ಳುಗಾಡಿಗೆ ಸವರಿಬಿಟ್ಟೆ. "ನಿನ್ನ ಕೈಲೆ ಆಗೂದಲ್ಲ ಇದು. ಗಾಡಿ ಮಾರಿಬಿಡೂಣು," ಎಂದರು ನಮ್ಮವರು. ಆ ಮಾತು ನನಗೆ ನಾಟಿತು. ಮರುದಿನವೇ ಅವರನ್ನು ಹೊರಡಿಸಿಕೊಂಡು ಹುಸೇನಸಾಬರ ಶೆಡ್ಡಿಗೆ ಬಂದೆ.

"ಕನ್ನಡಿ ನಾನ ಕುಂತು ಹಚ್ಚೀನಿ. ಅದರಾಗೇನೂ ತಪ್ಪಿಲ್ಲ," ಎಂದು ನಮ್ಮವರು ಮೊದಲೇ ಹೇಳಿಬಿಟ್ಟರು.

ಹುಸೇನಸಾಬರು ವಾದಕ್ಕೆ ಹೋಗಲಿಲ್ಲ. ಒಂದು ಕುರ್ಚಿ ತಂದು ಗಾಡಿಯ ಎಡಮಗ್ಗುಲಿಗೆ ಹಾಕಿದರು. "ಅಣ್ಣಾರ, ಕಾಲು ನೋಯ್ತಿರಬೇಕು, ಕುಂಡ್ರಿ," ಎಂದು ಅವರನ್ನು ಕೂರಿಸಿ ನನ್ನ ಕಡೆ ಕೂಗಿದರು: "ಅಕ್ಕಾರ, ಯಜಮಾನ್ರು ಕಾಣ್ತಾರೇನ್ರಿ?"

ಎಡಗನ್ನಡಿಯಲ್ಲಿ ಬೇವಿನ ಮರದ ತುದಿ ಇತ್ತು, ಆಕಾಶ ಇತ್ತು. ಮೂವತ್ತೈದು ವರ್ಷ ಜೊತೆಗೆ ಬಾಳಿದ ಗಂಡ ಇರಲಿಲ್ಲ.

"ಇಲ್ರಿ," ಎಂದೆ.

ಕುರ್ಚಿಯ ಸುತ್ತ ಸುಣ್ಣ ಬಿತ್ತು. "ಇಷ್ಟು ಜಾಗಾದಾಗ ನಾಕ್ ಮಂದಿ ಊಟಕ್ಕ ಕುಂಡ್ರಬಹುದು ನೋಡ್ರಿ. ಅಣ್ಣಾರ, ನೀವು ಆರು ಫೂಟಿನವ್ರು, ನಿಮ್ಮ ಕಣ್ಣಿಗೆ ಹಚ್ಚೀರಿ. ಕನ್ನಡಿ ಗಾಡಿಗಲ್ರಿ, ಕುಂತವ್ರಿಗೆ."

ನಮ್ಮವರು ಸುಣ್ಣದ ನಡುವೆ ಕೂತಿದ್ದರು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು.

ಹುಸೇನಸಾಬರು ನನ್ನ ಸೀಟು ಎತ್ತರಿಸಿದರು. ಮನೆಗಾಡಿಯ ಹೊಟ್ಟೆ ಅಗಲವೆಂದು ಕನ್ನಡಿಯ ತೋಳನ್ನು ಉದ್ದ ಮಾಡಿ ಹೊರಗೆ ಚಾಚಿದರು. ಅದರ ಕೆಳಗೊಂದು ದುಂಡನೆಯ ಉಬ್ಬುಗನ್ನಡಿ ಬಂತು. ಎಡಬಾಗಿಲಿನ ಕೆಳಭಾಗ ಕೊರೆದು ಗಾಜು ಕೂರಿಸಿದರು. ಆ ಬಾಗಿಲ ಕಿಟಕಿಗೆ ನಾನು ಹಾಕಿದ್ದ ಕಸೂತಿಯ ಪರದೆಯನ್ನೂ ತೆಗೆಸಿದರು. ಒಂದೊಂದು ಕೆಲಸ ಮುಗಿದಾಗಲೂ ಮತ್ತೆ ಸುತ್ತು, ಮತ್ತೆ ಅದೇ ಪ್ರಶ್ನೆ. ನಾನು "ಕಾಣ್ತೀರಿ" ಎಂದ ಕಡೆಯ ಸುಣ್ಣ ಗುಡಿಸಿಬಿಡುತ್ತಿದ್ದರು; ಕೊನೆಗೆ ಒಂದು ಮೊರದಷ್ಟು ಜಾಗದಲ್ಲಿ ಮಾತ್ರ ಅದು ಉಳಿಯಿತು.

"ಇದು ಹೋಗೂದಿಲ್ರಿ. ಇದಕ್ಕ ಕನ್ನಡಿ ಇಲ್ಲ, ಕುತ್ತಿಗಿ ಐತಿ. ಹೊಳ್ಳಿ ನೋಡ್ರಿ," ಎಂದು ಕೀಲಿ ಕೊಟ್ಟರು.

ನಾನು ಹೊಳೆಆಲೂರಿಗೆ ಹೋದೆ, ಬಾದಾಮಿಗೆ ಹೋದೆ. ಧೈರ್ಯ ಬಂತು, ಅದರ ಬೆನ್ನಿಗೆ ಜಂಬವೂ ಬಂತು. ಎಡಗಡೆ ಕೂರುವ ನಮ್ಮವರ ಮುಖಕ್ಕೆ ಬಿಸಿಲು ಬೀಳುತ್ತದೆಂದು ಪರದೆ ಮತ್ತೆ ಕಿಟಕಿಗೇರಿತು. ಒಮ್ಮೆ ಹುಸೇನಸಾಬರನ್ನು ಮಾತಾಡಿಸಿ ಹೊರಟಾಗ ಸುತ್ತು ಹಾಕಲು ಬಿಡದೆ, "ಎಲ್ಲಾ ಕಾಣ್ತೈತ್ರಿ ಈಗ!" ಎಂದು ಗಾಡಿಯನ್ನು ಎಡಕ್ಕೆ ಎಳೆದೇಬಿಟ್ಟೆ. ಧಡ್ ಧಡ್ ಎಂದು ಯಾರೋ ಹೊರಗಿನಿಂದ ಬಾಡಿಗೆ ಕೈಯಲ್ಲಿ ಬಡಿದ ಸದ್ದು. ಬ್ರೇಕ್ ಒತ್ತಿ ಇಳಿದು ನೋಡಿದರೆ ಶೆಡ್ಡಿನ ಗೋಡೆಗೂ ಗಾಡಿಗೂ ನಡುವೆ ಹುಸೇನಸಾಬರು ನಿಂತಿದ್ದರು. ಎದೆಗೂ ತಗಡಿಗೂ ಒಂದು ಗೇಣು.

ಅವರು ಬೈಯಲಿಲ್ಲ. ನೀರು ಕುಡಿದರು. ಪರದೆ ಬಿಚ್ಚಿ, ನೀಟಾಗಿ ಮಡಚಿ ನನ್ನ ಕೈಗಿಟ್ಟರು. "ಕಸೂತಿ ಭಾಳ ಚಲೋ ಐತ್ರಿ ಅಕ್ಕಾರ. ಮನ್ಯಾಗ ಹಾಕ್ರಿ." ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಎಂಟು ದಿನ ಬಿಟ್ಟು ಬರ್ರಿ," ಎಂದರು.

ಬಸ್ಸು ಹತ್ತಿ ಊರಿಗೆ ಬಂದೆವು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಗಾಡಿ ಮಾರುವ ಮಾತು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ದಾರಿಯುದ್ದಕ್ಕೂ ಕಾದೆ. ನಮ್ಮವರು ಆ ಮಾತು ಎತ್ತಲಿಲ್ಲ.

ಕಳೆದ ಚಳಿಗಾಲದಲ್ಲಿ ಹುಸೇನಸಾಬರು ತೀರಿಕೊಂಡರು. ಅವರ ಮನೆಯವರನ್ನು ಮಾತಾಡಿಸಿ ಬಂದು, ಶೆಡ್ಡಿನ ಮುಂದೆ ನಿಲ್ಲಿಸಿದ್ದ ಗಾಡಿ ಹತ್ತಿ ಕೂತೆ. ನಮ್ಮವರು ಹತ್ತಲಿಲ್ಲ. ನನ್ನ ಬಾಗಿಲಿಗೆ ಬಂದು "ಕೀಲಿ ಕೊಡು," ಎಂದರು. ಅದನ್ನು ಜೇಬಿಗೆ ಹಾಕಿಕೊಂಡು, ಕೋಲು ಊರುತ್ತಾ ಗಾಡಿಯ ಸುತ್ತ ಹೊರಟರು.

"ನಾ ಕಾಣ್ತೀನೇನ?"

"ಕಾಣ್ತೀರಿ."

ಸುಣ್ಣ ಉಳಿದಿದ್ದ ಆ ಮೊರದಷ್ಟು ಜಾಗಕ್ಕೆ ಅವರು ಬಂದಾಗ ಕುತ್ತಿಗೆ ಹೊರಳಿಸಿ ನೋಡಿದೆ. ಅಲ್ಲಿಯೂ ಕಂಡರು. ಸುತ್ತು ಮುಗಿಸಿ ಬಂದು, ಕೀಲಿ ಕೊಟ್ಟು, "ನಡಿ," ಎಂದರು.

ಉಬ್ಬುಗನ್ನಡಿಯಲ್ಲಿ ಶೆಡ್ಡಿನ ಮುಚ್ಚಿದ ಬಾಗಿಲು ಇಡಿಯಾಗಿ ಕಾಣುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಕೀಲಿ ತಿರುವದೆ ಹಾಗೇ ಕೂತೆ. ಕಣ್ಣು ಮಂಜಾದವರಿಗೆ ಹುಸೇನಸಾಬರು ಕೀಲಿ ಕೊಡುತ್ತಿರಲಿಲ್ಲ.